ಐಸ್ ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಹಾರ ತಪಾಸಣೆಯ ಸರ್ಕಾರಿ ಕಚೇರಿಗೆ ಅಟೆಂಡರ್ ಆಗಿ ಸೇರಿದೆ, ಅಟೆಂಡರ್ ಆಗಿಯೇ ನಿವೃತ್ತನಾದೆ. ಮೈಸೂರಿನ ಹೋಟೆಲು, ಬೇಕರಿ, ಮೆಸ್ಸುಗಳಿಗೆ ಜನ ಮುಂಬಾಗಿಲಿನಿಂದ ಹೋಗುತ್ತಾರೆ. ನಾನು ಹಿಂಬಾಗಿಲಿನಿಂದ ಹೋದವನು. ತಪಾಸಣೆಯ ಅಧಿಕಾರಿ ಮುಂದೆ, ನಾನು ಹಿಂದೆ. ಅವರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ನನ್ನ ಹೆಗಲಿಗೆ ಒಂದು ಚೀಲ. ಅದರಲ್ಲಿ ಮಾದರಿ ತುಂಬುವ ಬಾಟಲಿಗಳು, ಕಂದು ಕಾಗದ, ದಾರ, ಅರಗು, ಮೇಣದಬತ್ತಿ, ಕಚೇರಿಯ ಸೀಲು. ಕೆಲವು ದಿನ ಮಾತ್ರ ಕೈಯಲ್ಲಿ ಒಂದು ನೀಲಿ ಐಸ್ ಪೆಟ್ಟಿಗೆಯೂ ಇರುತ್ತಿತ್ತು.

ಕೆಲವು ದಿನ ಮಾತ್ರ ಎಂದೆನಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಅರಿಶಿನದ ಪುಡಿ, ಬೇಳೆ, ಎಣ್ಣೆ ಇಂಥವುಗಳ ಮಾದರಿಗೆ ಐಸ್ ಬೇಡ. ಹಾಲು, ಪನೀರು, ಬೇಯಿಸಿದ ಅಡುಗೆ ಇವನ್ನು ಕ್ರಿಮಿ ಪರೀಕ್ಷೆಗೆ ಒಯ್ಯುವಾಗ ತುಂಬಿದ ಗಳಿಗೆಯಿಂದ ಪ್ರಯೋಗಾಲಯದ ಬಾಗಿಲವರೆಗೆ ಐಸ್‌ನಲ್ಲೇ ಇಡಬೇಕು. ಇಲ್ಲದಿದ್ದರೆ ಬಾಟಲಿಯೊಳಗೆ ಹೋಗುವಾಗ ಚೂರುಪಾರು ಇದ್ದ ಕ್ರಿಮಿ ದಾರಿಯಲ್ಲೇ ಮರಿ ಹಾಕಿಕೊಂಡು ಸಂತೆಯಾಗುತ್ತದೆ. ಇದು ತಿಳಿಯಲು ದೊಡ್ಡ ಓದು ಬೇಡ, ಬೇಸಿಗೆಯಲ್ಲಿ ಸಾರು ಕೆಡುವುದನ್ನು ನೋಡಿದವರಿಗೆಲ್ಲ ಗೊತ್ತು. ಸರ್ಕಾರ ಪೆಟ್ಟಿಗೆ ಕೊಟ್ಟದ್ದು ಅದಕ್ಕಾಗಿ. ಆದರೆ ಅದು ನಮ್ಮಲ್ಲಿ ಬೇರೆ ಕೆಲಸಕ್ಕೆ ಒಗ್ಗಿಹೋಗಿತ್ತು. ಬೆಳಿಗ್ಗೆ ಸಾಹೇಬರು "ಇವತ್ತು ಪೆಟ್ಟಿಗೆ ತಗೊಳ್ರಿ" ಎಂದರೆ ಫಾರಿನ್ ಸಾಮಾನಿನ ಅಂಗಡಿಗೆ ಹೋಗುತ್ತಿದ್ದೇವೆ ಎಂದು ಅರ್ಥ. ಅಲ್ಲಿಂದ ಚೀಸು, ಐಸ್‌ಕ್ರೀಮು, ಹೆಪ್ಪುಗಟ್ಟಿದ ಮೀನು ಅದರೊಳಗೆ ಕೂತು ಸಾಹೇಬರ ಮನೆಗೆ ಹೋಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಯಾರೂ ಕೊಟ್ಟೆವು ಎನ್ನುತ್ತಿರಲಿಲ್ಲ. ಅಂಗಡಿಯವನು ತನ್ನಷ್ಟಕ್ಕೆ ಮುಚ್ಚಳ ತೆಗೆದು ತುಂಬುತ್ತಿದ್ದ, ನಾನು ನನ್ನಷ್ಟಕ್ಕೆ ಮುಚ್ಚುತ್ತಿದ್ದೆ.

ನಾನು ಹೇಳಬೇಕಾದದ್ದು ನಿವೃತ್ತಿಗೆ ಕೆಲವು ವರ್ಷ ಮುಂಚಿನ ಒಂದು ಶುಕ್ರವಾರದ ವಿಷಯ. ಈಸ್ಟರಿಗೆ ಮುಂಚಿನ ತಪಸ್ಸುಕಾಲ. ನಾವು ಕ್ರೈಸ್ತರು ಆ ದಿನಗಳ ಶುಕ್ರವಾರ ಮಾಂಸ ಮುಟ್ಟುವುದಿಲ್ಲ, ಮೀನಿಗೆ ಅಡ್ಡಿಯಿಲ್ಲ. ನಾನು ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗಿ, ಬರೀ ಕಾಫಿ ಕುಡಿದು ಕೆಲಸಕ್ಕೆ ಬಂದಿದ್ದೆ. ಉಪವಾಸ ಮಾಡುತ್ತಿದ್ದೇನೆ ಎಂಬ ಒಂದು ಒಳಜಂಬವೂ ಇತ್ತು.

ಕುವೆಂಪುನಗರದ ಆ ಅಂಗಡಿ ಹೊಸದು. ಗಾಜಿನ ಬಾಗಿಲು ತೆರೆದರೆ ಏಸಿಯ ತಂಪು ಮುಖಕ್ಕೆ ಬಡಿಯುತ್ತಿತ್ತು. ಚಾಕೊಲೇಟು, ಆಲಿವ್ ಎಣ್ಣೆ, ಓದಲು ಬಾರದ ಲಿಪಿಯ ನೂಡಲ್ಸ್ ಪೊಟ್ಟಣ, ಗೋಡೆಯುದ್ದಕ್ಕೆ ಫ್ರಿಜ್ಜು. ಹೊರದೇಶದ ಸಾಮಾನಿನ ಮೇಲೆ ತರಿಸಿದ ಕಂಪನಿಯ ಹೆಸರು, ಲೈಸೆನ್ಸ್ ನಂಬರು, ಸಸ್ಯಾಹಾರವೋ ಮಾಂಸಾಹಾರವೋ ಎನ್ನುವ ಚುಕ್ಕೆ, ಯಾವ ದಿನದವರೆಗೆ ತಿನ್ನಬಹುದು ಎಂಬುದೆಲ್ಲ ಇರಬೇಕು. ಸಾಹೇಬರು ಮುಂದಿನ ಸಾಲು ನೋಡುತ್ತಿದ್ದರು. ನಾನು ಹಿಂದಿನ ಕೋಣೆಗೆ ಹೋದೆ. ಅಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿದ್ದ ಚೀಸಿನ ಪೊಟ್ಟಣ ಎತ್ತಿದಾಗ ದಿನಾಂಕದ ಚೀಟಿ ಸ್ವಲ್ಪ ದಪ್ಪವೆನಿಸಿತು. ಉಗುರಿನಿಂದ ಕೆರೆದೆ. ಚೀಟಿಯ ಕೆಳಗೆ ಇನ್ನೊಂದು ಚೀಟಿ. ಅದರ ದಿನ ಎಂದೋ ಮುಗಿದಿತ್ತು.

ಪೊಟ್ಟಣ ತಂದು ಸಾಹೇಬರಿಗೆ ತೋರಿಸಿದೆ. ಅವರು ನೋಡಿದರು, ಮಾಲೀಕನ ಕಡೆ ತಿರುಗಿದರು.

"ಏನಪ್ಪಾ ಇದು, ಚೀಟಿ ಮೇಲೆ ಚೀಟಿ?"

"ಸಾರ್, ಅದು ಮುಂಬೈಯಿಂದಾನೇ ಅಂಗೇ ಬಂದಿರೋದು. ನಮ್ಮ ಹುಡುಗರು ಮುಟ್ಟಿಲ್ಲ."

"ಮುಟ್ಟಿಲ್ಲ ಅಂದ್ರೆ ಸರಿ. ನೀಟಾಗಿ ಅಂಟಿಸೋಕೆ ಹೇಳು ಅವರಿಗೆ."

ಇಬ್ಬರೂ ನಕ್ಕರು. ಸಾಹೇಬರು ನನಗೆ, "ಹೊರದೇಶದ್ದು ಕಣ್ರೀ, ಬಂದರಲ್ಲೇ ಟೆಸ್ಟ್ ಆಗಿ ಬಂದಿರುತ್ತೆ. ನಾವೇನು ಮತ್ತೆ ನೋಡೋದು?" ಎಂದರು. ಮಾದರಿ ತೆಗೆಯಲಿಲ್ಲ. ಮಾಲೀಕ ಫ್ರಿಜ್ಜಿನಿಂದ ಗುಲಾಬಿ ಬಣ್ಣದ ಮೀನಿನ ದೊಡ್ಡ ತುಂಡುಗಳು, ಸಿಗಡಿ, ಮುಂದಿನ ಸಾಲಿನ ಒಳ್ಳೆಯ ಚೀಸು ಎಲ್ಲ ತಂದು ಪೆಟ್ಟಿಗೆ ತುಂಬಿಸಿದ. ಹಿಂದಿನ ಕೋಣೆಯ ಚೀಸಿನದೂ ಒಂದು ಪೊಟ್ಟಣ ನನ್ನ ಕೈಗೆ ಬಂತು. "ನಿಮಗೆ, ಯಜಮಾನ್ರೇ" ಎಂದ. ನಾನು ಬೇಡ ಎನ್ನಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಸಾಹೇಬರು ಹೇಳಿದರು: "ತಿಂಗಳ ಕೊನೆ ಬಂತು, ಸ್ಯಾಂಪಲ್ ಒಂದೂ ಆಗಿಲ್ಲ. ದಾರೀಲಿ ಯಾವುದಾದ್ರೂ ಸಣ್ಣದು ನೋಡೋಣ."

ಆ ಸಣ್ಣದು ಸಿದ್ಧಾರ್ಥನಗರದ ಒಂದು ಮನೆ ಮೆಸ್ಸು. ಅದನ್ನು ತೋರಿಸಿದವನು ನಾನೇ.

ಅದನ್ನು ನಡೆಸುತ್ತಿದ್ದಾಕೆ ನಮ್ಮ ಚರ್ಚಿನವಳು. ಆಕೆಯ ಗಂಡ ನನ್ನ ಜೊತೆ ಗಾಯನವೃಂದದಲ್ಲಿ ಹಾಡುತ್ತಿದ್ದವನು, ಚಿಕ್ಕ ವಯಸ್ಸಿಗೆ ತೀರಿಕೊಂಡ. ಮಕ್ಕಳಿರಲಿಲ್ಲ. ಆಕೆ ಮತ್ತು ಅತ್ತೆ ಸೇರಿ ಮನೆಯ ಮುಂದಿನ ಕೋಣೆಯಲ್ಲಿ ಬೆಂಚು ಹಾಕಿ ಮಧ್ಯಾಹ್ನದ ಊಟ ಕೊಡುತ್ತಿದ್ದರು. ಹತ್ತಿರದ ಒಂದು ಮಹಿಳಾ ಹಾಸ್ಟೆಲಿಗೂ ಕ್ಯಾರಿಯರ್ ಹೋಗುತ್ತಿತ್ತು. ಚರ್ಚಿನ ವಾರ್ಷಿಕ ಹಬ್ಬದ ಊಟ ಪ್ರತಿ ಸಲವೂ ಆಕೆಯ ಕೈಯದೇ. ಆಕೆಯ ಅಡುಗೆಮನೆ ನನಗೆ ಗೊತ್ತಿತ್ತು. ಸಾಹೇಬರಿಗೆ ತೋರಿಸುವಾಗ, ಇಲ್ಲಿ ತೆಗೆದರೆ ಪಾಸಾಗುತ್ತದೆ, ಆಕೆಗೂ ತೊಂದರೆಯಿಲ್ಲ, ನಮಗೂ ಲೆಕ್ಕ ಸಿಗುತ್ತದೆ ಎಂದುಕೊಂಡಿದ್ದೆ. ಇದು ನಿಜ. ಆದರೆ ಈ ನಿಜದಿಂದ ಆಕೆಗೆ ಏನೂ ಪ್ರಯೋಜನವಾಗಲಿಲ್ಲ.

ನಾವು ಹೋದಾಗ ಮೀನಿನ ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ಶುಕ್ರವಾರವೆಂದು ಮೀನು. ಅತ್ತೆ ಒಳಗಿನ ಮೂಲೆಯಲ್ಲಿ ಕೂತು ತುರಿದ ಕಾಯಿ ಹಿಂಡಿ ಹಾಲು ತೆಗೆಯುತ್ತಿದ್ದರು. ಸಾರು ಇಳಿಸುವ ಮುಂಚೆ ಕೊನೆಗೆ ಹಾಕುವ ಗಟ್ಟಿ ಕಾಯಿಹಾಲು ಅದು. ಬೆಂಚಿನ ಮೇಲೆ ಆಟೋದವರು ಕೂತಿದ್ದರು.

ಆಕೆ ನನ್ನನ್ನು ನೋಡಿ, "ಬನ್ನಿ ಅಣ್ಣ, ಊಟಕ್ಕಾ?" ಎಂದಳು. ಹಿಂದೆ ಸಾಹೇಬರನ್ನು ಕಂಡ ಮೇಲೆ ಸೆರಗು ಸರಿಮಾಡಿಕೊಂಡಳು.

ನಾನು ವಿಷಯ ಹೇಳಿದೆ. ಆಕೆ ಹೆದರಲಿಲ್ಲ. "ತಗೊಳ್ಳಿ ಅಣ್ಣ, ಎಷ್ಟು ಬೇಕೋ ತಗೊಳ್ಳಿ. ಚೆನ್ನಾಗಿದ್ರೆ ಲ್ಯಾಬ್‌ನೋರು ನಾಳೆ ಊಟಕ್ಕೆ ಬರ್ತಾರಾ?"

ಒಬ್ಬ ಆಟೋದವನು ಬಾಯಿ ಹಾಕಿದ: "ಬರೀ ಸಾರು ತಗೊಂಡು ಹೋಗ್ತೀರಲ್ಲ ಸಾರ್, ಅವರಿಗೆ ಮುದ್ದೆ ಬ್ಯಾಡ್ವಾ?"

"ಮೀನಿನ ಪೀಸ್ ಹಾಕಬೇಡಕ್ಕಾ, ಅವರು ಟೆಸ್ಟ್ ಬುಟ್ಟು ತಿನ್ಕೊಂಡ್ಬುಡ್ತಾರೆ" ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಆಕೆ ಕಾಯಿಹಾಲು ಹಾಕಿ ಇಳಿಸಿದ ಸಾರನ್ನು ನಾನು ಬಾಟಲಿಗೆ ತುಂಬಿ, ಬಿರಡೆ ಹಾಕಿ, ಕಾಗದ ಸುತ್ತಿ, ದಾರ ಕಟ್ಟಿ, ಮೇಣದಬತ್ತಿಯಲ್ಲಿ ಅರಗು ಕರಗಿಸಿ ಸೀಲು ಒತ್ತಿದೆ. ಆಕೆ ಸಹಿ ಹಾಕಿದಳು, ಸಾಕ್ಷಿಯಾಗಿ ಒಬ್ಬ ಆಟೋದವನೂ ಹಾಕಿದ. ಅತ್ತೆ ಒಳಗಿನಿಂದ, "ಮಜ್ಜಿಗೆ ಕೊಡಮ್ಮ ಅವರಿಗೆ, ಬಿಸಿಲಲ್ಲಿ ಬಂದವ್ರೆ" ಎಂದು ಕೂಗಿದರು. ಸಾಹೇಬರಿಗೆ ಹೊತ್ತಾಗಿತ್ತು. ಕುಡಿಯದೆ ಹೊರಟೆವು.

ಕಾರಿನ ಹತ್ತಿರ ಬಂದು ನಾನು ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದೆ. ಒಳಗೆ ಒಂದು ಬಾಟಲಿ ಇಡುವಷ್ಟು ಜಾಗವಿರಲಿಲ್ಲ. ಮೀನಿನ ತುಂಡನ್ನು ಪಕ್ಕಕ್ಕೆ ಒತ್ತಿ ನೋಡಿದೆ.

"ಏನ್ರೀ ಮಾಡ್ತಿದ್ದೀರಾ? ಅದರ ಮೇಲೆ ಸಾರು ಗೀರು ಚೆಲ್ಲಿಬಿಟ್ಟೀರಿ. ಬ್ಯಾಗಲ್ಲೇ ಇಡಿ, ಲ್ಯಾಬ್ ಏನು ದೂರಾನಾ?"

ಬ್ಯಾಗಿನಲ್ಲೇ ಇಟ್ಟೆ.

ಲ್ಯಾಬ್ ದೂರವಿರಲಿಲ್ಲ. ಆದರೆ ಸಾಹೇಬರು ಕಾರನ್ನು ಮೊದಲು ಚಾಮರಾಜಪುರಂನ ತಮ್ಮ ಮನೆಗೆ ತಿರುಗಿಸಿದರು. ಮೀನು ಕರಗುತ್ತದೆ ಎನ್ನುವ ಅವಸರ. ನಾನು ಪೆಟ್ಟಿಗೆ ಹೊತ್ತು ಒಳಗೆ ಕೊಟ್ಟೆ. ಸಾಹೇಬರು ಊಟಕ್ಕೆ ಕೂತರು, ಊಟವಾದ ಮೇಲೆ ಒಂದು ಗಳಿಗೆ ಎಂದು ಮಲಗಿದರು. ಜಗಲಿಯಲ್ಲಿ ಕೂತ ನನಗೆ ಅವರ ಮನೆಯಾಕೆ ಮಜ್ಜಿಗೆ ಕೊಟ್ಟರು. ಎದುರಿಗೆ ಕಾರು ಬಿಸಿಲಿನಲ್ಲಿ ನಿಂತಿತ್ತು. ಗಾಜು ಏರಿಸಿತ್ತು. ಹಿಂದಿನ ಸೀಟಿನ ಮೇಲೆ ನನ್ನ ಚೀಲ ಕಾಣುತ್ತಿತ್ತು.

ಕಾಯಿಹಾಲಿನ ಸಾರು ಮಾರ್ಚ್ ತಿಂಗಳ ಬಿಸಿಲಿಗೆ ಏನಾಗುತ್ತದೆ ಎನ್ನುವುದು ನನಗೆ ಆ ಜಗಲಿಯಲ್ಲೇ ಹೊಳೆದಿತ್ತು. ಈಗ ಹೊಳೆಯಿತು ಎಂದು ಬರೆದರೆ ಅದೂ ಇನ್ನೊಂದು ಸುಳ್ಳು. ಆ ಚೀಲವನ್ನು ತಂದು ನೆರಳಿಗಿಡಬಹುದಿತ್ತು. ಅಮ್ಮಾ, ಇದನ್ನು ಸ್ವಲ್ಪ ನಿಮ್ಮ ಫ್ರಿಜ್ಜಿನಲ್ಲಿಡಿ ಎಂದು ಕೇಳಬಹುದಿತ್ತು. ಕೇಳಿದರೆ, ಪೆಟ್ಟಿಗೆ ಏನಾಯಿತು ಎಂದು ಅವರು ಕೇಳುತ್ತಾರೆ. ಪೆಟ್ಟಿಗೆಯಲ್ಲಿ ಬಂದದ್ದು ನಿಮ್ಮ ಮನೆಗೆ ಎಂದು ನಾನು ಹೇಳಿದ ಹಾಗಾಗುತ್ತದೆ. ಸಾಹೇಬರಿಗೆ ಮುಜುಗರ. ಅಟೆಂಡರಾಗಿ ನಾನು ಕಲಿತ ದೊಡ್ಡ ವಿದ್ಯೆ ಎಂದರೆ ಸಾಹೇಬರಿಗೆ ಮುಜುಗರವಾಗದ ಹಾಗೆ ನೋಡಿಕೊಳ್ಳುವುದು. ಮಜ್ಜಿಗೆ ಕುಡಿದು ಲೋಟ ಬೋರಲು ಹಾಕಿ ಕೂತೆ.

ಎದ್ದು ಬಂದ ಸಾಹೇಬರು, "ಪೆಟ್ಟಿಗೆ ಖಾಲಿ ಆಯ್ತಲ್ಲ, ಈಗ ಆ ಬಾಟ್ಲಿನ ಒಳಗೆ ಇಟ್ಕೊಳ್ಳಿ" ಎಂದರು. ಬಾಟಲಿ ಮುಟ್ಟಿದರೆ ಒಲೆಯಿಂದ ಆಗ ತಾನೇ ಇಳಿಸಿದ ಹಾಗಿತ್ತು. ಮೀನು ಬಿಟ್ಟುಹೋದ ಐಸ್ ನೀರಿನಲ್ಲಿ ಅದನ್ನು ಮುಳುಗಿಸಿಟ್ಟೆ.

ಪ್ರಯೋಗಾಲಯದಲ್ಲಿ ಮಾದರಿ ತೆಗೆದುಕೊಳ್ಳುವ ಮೇಡಂ ಪೆಟ್ಟಿಗೆ ತೆಗೆದು ನೋಡಿದರು. ಒಳಗೆ ತಣ್ಣಗಿತ್ತು.

"ತಗೊಂಡಾಗಿಂದ ಐಸ್‌ನಲ್ಲೇ ಇತ್ತಲ್ವಾ?"

"ಹೂಂ ಮೇಡಂ."

ನಾನು ಹೇಳಿದ್ದು ಇಷ್ಟೇ. ಸಾಹೇಬರು ಆಗ ಹೊರಗೆ ಫೋನಿನಲ್ಲಿದ್ದರು. ಅವರು ನನಗೆ ಹೀಗೆ ಹೇಳು ಎಂದು ಹೇಳಿಕೊಟ್ಟಿರಲಿಲ್ಲ. ಆ ಹೂಂ ನನ್ನದೇ.

ಸಂಜೆ ಮನೆಯಲ್ಲಿ ಆ ಚೀಸನ್ನು ಬ್ರೆಡ್ಡಿನ ನಡುವೆ ಇಟ್ಟು ನಾನೂ ನನ್ನ ಹೆಂಡತಿಯೂ ತಿಂದೆವು. ಚೀಸು ಮಾಂಸವಲ್ಲ, ಉಪವಾಸ ಕೆಡಲಿಲ್ಲ. ದಿನ ಮುಗಿದಿದ್ದ ಚೀಸು, ನಮ್ಮಿಬ್ಬರಿಗೂ ಚೆನ್ನಾಗಿ ಜೀರ್ಣವಾಯಿತು.

ವರದಿ ಬಂತು. ಸಾರಿನಲ್ಲಿ ಇರಬಾರದ ಕ್ರಿಮಿ, ಇರಬಾರದಷ್ಟು. ತಿನ್ನಲು ಅಸುರಕ್ಷಿತ. ಐಸ್‌ನಲ್ಲಿಟ್ಟಿದ್ದರೆ ಪಾಸಾಗುತ್ತಿತ್ತು ಎಂದು ನಾನು ಆಣೆ ಮಾಡಲಾರೆ. ಯಾವ ಅಡುಗೆಮನೆಯಲ್ಲಿ ಕ್ರಿಮಿಯಿಲ್ಲ? ಆದರೆ ಆಕೆಯ ಸಾರಿಗೆ ಒಂದು ನ್ಯಾಯವಾದ ಪರೀಕ್ಷೆ ಸಿಗಬೇಕಿತ್ತು. ಸಿಕ್ಕಿದ್ದು ನನ್ನ ಚೀಲದೊಳಗಿನ ಸಾರಿಗೆ.

ಬಾಗಿಲಿಗೆ ನೋಟಿಸು ಅಂಟಿಸಲು ನಾನೇ ಹೋಗಬೇಕಾಯಿತು. ಗೋಂದು ಹಚ್ಚುವಾಗ ಆಕೆ ಪಕ್ಕದಲ್ಲೇ ನಿಂತಿದ್ದಳು. ಅದರ ಫೋಟೋ ಯಾರೋ ತೆಗೆದು ಚರ್ಚಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಕೈಮುಗಿಯುವ ಚಿತ್ರ, ಅಳುವ ಮುಖದ ಚಿತ್ರ. ಒಬ್ಬರು "ದೇವರು ದೊಡ್ಡವನು, ಹಬ್ಬಕ್ಕೆ ಮುಂಚೆ ಗೊತ್ತಾಯಿತು" ಎಂದು ಬರೆದರು. ಹಾಸ್ಟೆಲಿನವರು ಕ್ಯಾರಿಯರ್ ವಾಪಸು ಕಳಿಸಿದರು.

ಭಾನುವಾರ ಪೂಜೆ ಮುಗಿದ ಮೇಲೆ ಆಕೆ ಚರ್ಚಿನ ಗೇಟಿನ ಹತ್ತಿರ ನನಗಾಗಿ ಕಾದಿದ್ದಳು.

"ಅಣ್ಣ, ನೀವೇ ನೋಡಿದ್ರಲ್ಲ, ಸಾರು ಕೊತಕೊತ ಕುದೀತಿತ್ತು. ಕುದಿಯೋದರಲ್ಲಿ ಕ್ರಿಮಿ ಎಂಗೆ ಬದುಕುತ್ತೆ?"

"ಕೊನೇಲಿ ಕಾಯಿಹಾಲು ಹಾಕ್ತೀರಲ್ಲಮ್ಮ."

ಈ ಮಾತು ನನ್ನ ಬಾಯಿಂದ ಯಾಕೆ ಬಂತೋ! ಸಾಹೇಬರು ಕಚೇರಿಯಲ್ಲಿ ಹೇಳಿದ್ದು ಅದು: ಕೈ ಸರಿಯಾಗಿ ತೊಳೆಯದೆ ಮುಟ್ಟಿದರೆ ಬರುವ ಕ್ರಿಮಿ, ಕಾಯಿ ಹಿಂಡುವಾಗ ಬಂದಿರಬೇಕು. ಅದನ್ನೇ ನಾನು ಹೊತ್ತುಕೊಂಡು ಬಂದು ಆಕೆಗೆ ಕೊಟ್ಟೆ. ಆಕೆಯ ಮುಖ ನೋಡುತ್ತಿದ್ದ ಹಾಗೇ ಬದಲಾಯಿತು.

"ಅತ್ತೇನಾ?" ಎಂದಳು. "ಅತ್ತೆ ಕೈಯಿಂದಾನಾ ಅಣ್ಣ?"

ನಾನು ಅಲ್ಲ ಎನ್ನಲಿಲ್ಲ.

"ನಂಗೆ ಕೋರ್ಟು ಗೀರ್ಟು ಗೊತ್ತಿಲ್ಲ. ಇನ್ನೊಂದು ಸಲ ಪರೀಕ್ಷೆ ಮಾಡ್ಸಿ ಅಂತ ಬರೆದುಕೊಡ್ಲಾ?"

"ಬೇಡ ಕಣಮ್ಮ, ಎಳೆದಾಡ್ತಾರೆ. ಅಡುಗೆಮನೆ ಕ್ಲೀನ್ ಇರ್ಲಿಲ್ಲ, ತಪ್ಪಾಯ್ತು ಅಂತ ಒಪ್ಕೊಂಡುಬುಡು. ದಂಡ ಹಾಕಿ ಬುಟ್ಬುಡ್ತಾರೆ. ನಾನು ಸಾಹೇಬರಿಗೆ ಹೇಳ್ತೀನಿ."

ಮಾಡದ ತಪ್ಪನ್ನು ಆಕೆಯಿಂದ ಒಪ್ಪಿಸಿದವನು ನಾನು. ಆಕೆ ನನಗೆ ಥ್ಯಾಂಕ್ಸ್ ಹೇಳಿದಳು.

ಒಪ್ಪಿಕೊಂಡ ಮೇಲೆ ಮೆಸ್ಸು ಮತ್ತೆ ತೆರೆಯಲು ಪರವಾನಗಿ ಸಿಕ್ಕಿತು. ಆದರೆ ಜನ ಬರಬೇಕಲ್ಲ? ಆಟೋದವರು ಕೆಲವರು ಬಂದರು, ಅವರೂ ಮೀನಿನ ಸಾರು ಕೇಳಲಿಲ್ಲ. ಕೊನೆಗೆ ಬೆಂಚುಗಳನ್ನು ಯಾರಿಗೋ ಕೊಟ್ಟು ಆಕೆ ಕುವೆಂಪುನಗರದ ಒಂದು ಕೇಟರಿಂಗ್‌ನವರ ಅಡುಗೆಮನೆಗೆ ತರಕಾರಿ ಹೆಚ್ಚಲು ಸೇರಿದಳು. ಚರ್ಚಿನ ಹಬ್ಬದ ಊಟವನ್ನು ಬೇರೆಯವರಿಗೆ ವಹಿಸಿದರು.

ನಾನು ನೋಡಲಾರದೆ ಹೋದದ್ದು ಅತ್ತೆಯನ್ನು. ಸೊಸೆ ಬಯ್ಯಲಿಲ್ಲ, ಬಡಿಯಲಿಲ್ಲ. ಆದರೆ ಅಡುಗೆಮನೆಯಲ್ಲಿ ಏನನ್ನೂ ಮುಟ್ಟಬೇಡಿ ಎಂದಳಂತೆ. ಮುದುಕಿ ಮುಂಬಾಗಿಲಲ್ಲಿ ಬೆತ್ತದ ಮೋಡಾ ಹಾಕಿಕೊಂಡು ಕೂತಿರುತ್ತಿದ್ದರು. ನಾನು ಆ ರಸ್ತೆಯಲ್ಲಿ ಹೋದರೆ, "ಬಾರಪ್ಪ, ಚೆನ್ನಾಗಿದ್ದೀಯೇನಪ್ಪ" ಎನ್ನುವರು. ಎರಡೂ ಕೈ ಸೆರಗಿನ ಒಳಗೆ. ಮೊದಲು ಚಳಿಗೆ ಎಂದುಕೊಂಡಿದ್ದೆ. ಬೇಸಿಗೆಯಲ್ಲೂ ಹಾಗೇ. ಚರ್ಚಿನಲ್ಲಿ ಸಮಾಧಾನದ ವಂದನೆ ಹೇಳಿ ಅಕ್ಕಪಕ್ಕದವರ ಕೈ ಹಿಡಿಯುವಾಗಲೂ ಅವರು ತಲೆ ಮಾತ್ರ ಬಾಗಿಸುತ್ತಿದ್ದರು.

ಅದನ್ನು ನೋಡಿಕೊಂಡೇ ನಾನು ಕೆಲಸ ಮುಗಿಸಿದೆ, ಹಾರ ಹಾಕಿಸಿಕೊಂಡೆ, ಪಿಂಚಣಿ ತೆಗೆದುಕೊಂಡೆ. ಸಾಹೇಬರು ಬಡ್ತಿ ಪಡೆದು ಬೇರೆ ಊರಿಗೆ ಹೋದರು. ನೌಕರಿಯಲ್ಲಿರುವಾಗ ಹೇಳದಿದ್ದುದಕ್ಕೆ ನೌಕರಿಯ ಭಯ ಎಂದು ಕಾರಣ ಕೊಟ್ಟುಕೊಂಡಿದ್ದೆ. ನಿವೃತ್ತಿಯಾದ ಮೇಲೂ ಹೇಳಲಿಲ್ಲ. ಆಗ ಏನು ಕಾರಣವಿತ್ತು? ಆಕೆ ನನ್ನನ್ನು ಅಣ್ಣ ಎನ್ನುತ್ತಿದ್ದಳು, ಅದು ತಪ್ಪಿಹೋಗುತ್ತದೆ ಎಂಬುದೊಂದೇ.

ಮತ್ತೊಂದು ತಪಸ್ಸುಕಾಲ ಬಂದಾಗ ಪಾಪನಿವೇದನೆಗೆ ಹೋಗಿ ಚರ್ಚಿನ ಗುರುಗಳಿಗೆ ಎಲ್ಲ ಹೇಳಿದೆ. ಪರದೆಯ ಆಚೆಯಿಂದ ಅವರು, "ದೇವರ ಹತ್ರ ಹೇಳಿದ್ದಾಯ್ತು. ಆ ಮನೆಯವರ ಹತ್ರ ಹೇಳೋವರೆಗೂ ಇದು ಅರ್ಧಾನೇ" ಎಂದರು. ಪ್ರಾಯಶ್ಚಿತ್ತಕ್ಕೆ ಜಪಮಾಲೆ ಪ್ರಾರ್ಥನೆ ವಿಧಿಸಿದರು. ಜಪಮಾಲೆಯನ್ನು ಅವತ್ತೇ ಮುಗಿಸಿದೆ. ಉಳಿದರ್ಧವನ್ನು ಈಸ್ಟರ್ ಆಗಲಿ ಎಂದೆ. ಈಸ್ಟರ್ ಆದ ಮೇಲೆ ಮಳೆ ನಿಲ್ಲಲಿ ಎಂದೆ. ಅಷ್ಟರಲ್ಲಿ ಮುದುಕಿ ತೀರಿಕೊಂಡರು.

ಏಳನೆಯ ದಿನದ ಪೂಜೆಯಾದ ಮೇಲೆ ಮನೆಯಲ್ಲಿ ಊಟವಿತ್ತು. ಹೋದೆ. ಬಾಗಿಲ ಮುಂದೆ ಕೇಟರಿಂಗ್‌ನವರ ವ್ಯಾನು ನಿಂತಿತ್ತು. ಆಕೆ ಕೆಲಸ ಮಾಡುವ ಕಡೆಯಿಂದಲೇ ಅಡುಗೆ ತರಿಸಿದ್ದಳು. ತನ್ನ ಮನೆಯ ಸಾವಿನ ಊಟಕ್ಕೆ ತಾನು ಒಲೆ ಹಚ್ಚಲಿಲ್ಲ. ಹಚ್ಚಿದರೆ ಬಂದವರು ಎಲೆಯ ಮುಂದೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ ಎಂದು ಆಕೆಗೆ ಗೊತ್ತಿತ್ತು. ಹಿಂದೆ ಊರಿಗೆಲ್ಲ ಬಡಿಸಿದವಳು, ಬೇರೆಯವರು ಬಡಿಸುವುದನ್ನು ಬಾಗಿಲಿಗೆ ಒರಗಿ ನೋಡುತ್ತಿದ್ದಳು.

ನಾನು ಎಲ್ಲರೂ ಹೋಗುವವರೆಗೆ ಕೂತಿದ್ದು, ಆಮೇಲೆ ಆಕೆಗೆ ಹೇಳಿದೆ. ಚೀಟಿ ಮೇಲಿನ ಚೀಟಿ, ಪೆಟ್ಟಿಗೆಯೊಳಗಿನ ಮೀನು, ಬಿಸಿಲಿನ ಕಾರು, ಹೂಂ ಮೇಡಂ, ಎಲ್ಲ. ಮುಗಿದ ಮೇಲೆ ಆಕೆ ಕೇಳಿದಳು:

"ಅಂದ್ರೆ ಅತ್ತೆ ಕೈಯಲ್ಲ?"

"ಅಲ್ಲಮ್ಮ. ಅಂದ್ರೆ... ಹೇಳೋಕಾಗಲ್ಲ. ಆದ್ರೆ ಅಷ್ಟೊಂದು ಕ್ರಿಮಿ ಆಗಿದ್ದು ನಮ್ಮ ಕಾರಲ್ಲಿ."

"ಆಸ್ಪತ್ರೇಲಿ ಕೈ ಎರಡೂ ಮೇಲೆತ್ತಿ ತೋರ್ಸಿದ್ರು ಅಣ್ಣ. 'ನೋಡು, ಈಗ ಕ್ಲೀನಾಗವೆ' ಅಂದ್ರು. ಗ್ಲೂಕೋಸ್ ಹಾಕೋಕೆ ನರ್ಸಮ್ಮ ಸ್ಪಿರಿಟ್ ಹಚ್ಚಿದ್ರಲ್ಲ, ಅದಕ್ಕೆ." ಆಮೇಲೆ ಬಾಗಿಲ ಕಡೆ ನೋಡಿದಳು. "ಅತ್ತೆ ಇದ್ದಾಗ ಹೇಳ್ಬೇಕಿತ್ತು. ನಂಗೆ ಹೇಳ್ದೆ ಇದ್ರೂ ಆಗ್ತಿತ್ತು, ಅವರಿಗೆ ಹೇಳ್ಬೇಕಿತ್ತು. ಹೋಗಿ ಅಣ್ಣ, ಕತ್ತಲಾಗ್ತದೆ."

ಕತ್ತಲಾಗಲು ಇನ್ನೂ ಹೊತ್ತಿತ್ತು. ನಾನು ಹೊರಟೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹೇಳಿದ ಮೇಲೆ ನನ್ನ ಎದೆ ಎಷ್ಟು ಹಗುರವಾಯಿತೆಂದರೆ, ಇನ್ನಷ್ಟು ಹಗುರ ಮಾಡಿಕೊಳ್ಳಬೇಕೆನಿಸಿತು. ಆಕೆಯನ್ನು ಒಂದು ಮಾತು ಕೇಳಲಿಲ್ಲ. ಹಬ್ಬದ ತಯಾರಿಗೆಂದು ಚರ್ಚಿನ ಸಮಿತಿಯ ಸಭೆ ಕರೆದಿದ್ದರು, ಅಲ್ಲಿ ಎದ್ದು ನಿಂತೆ. ಆ ವರದಿ ತಪ್ಪು, ತಪ್ಪು ನನ್ನದು, ಹಬ್ಬದ ಅಡುಗೆ ಮತ್ತೆ ಆಕೆಗೇ ಕೊಡಿ ಎಂದೆ. ಸಭೆಯಲ್ಲಿ ಹಳಬರೂ ಇದ್ದರು, ಈಚೆಗೆ ಬಂದು ಸೇರಿದ ಹೊಸಬರೂ ಇದ್ದರು.

ಒಬ್ಬ ಹೊಸಬಳು ಪಕ್ಕದವಳನ್ನು ಕೇಳಿದಳು: "ಯಾವ ಕ್ರಿಮಿ? ಯಾರ ಮನೇಲಿ?" ಪಕ್ಕದವಳು ಬಗ್ಗಿ ಹೇಳತೊಡಗಿದಳು.

ಸಮಿತಿಯ ಹಿರಿಯರು, "ಸರಿ ಯಜಮಾನ್ರೇ, ಪಾಪ, ಆಯಮ್ಮನ ತಪ್ಪಿಲ್ಲ ಅಂತಾನೇ ಇಟ್ಕೊಳ್ಳೋಣ. ನಾಳೆ ಊಟ ಮಾಡಿ ಯಾರಿಗಾದ್ರೂ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಎಂದರು.

"ನಾನು ಜವಾಬ್ದಾರಿ."

"ನೀವಾ?" ಹಿಂದಿನ ಸಾಲಿನಿಂದ ಒಬ್ಬರು ನಕ್ಕರು. "ಲ್ಯಾಬಲ್ಲಿ ಸುಳ್ಳು ಹೇಳ್ದೋರು ಅಂತ ಈಗ ತಾನೇ ನೀವೇ ಹೇಳಿದ್ರಿ. ಇಲ್ಲಿ ನಿಜ ಹೇಳ್ತಿದ್ದೀರಾ ಅಂತ ಎಂಗೆ ನಂಬೋದು ಸ್ವಾಮಿ?"

ಎಲ್ಲರೂ ನಕ್ಕರು. ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಸುಳ್ಳು ಹೇಳಿದಾಗ ನನ್ನ ಒಂದು ಹೂಂಗೆ ಸರ್ಕಾರದ ಬೆಲೆಯಿತ್ತು. ನಿಜ ಹೇಳಿದ ಮೇಲೆ ಚರ್ಚಿನ ಬೆಂಚಿನ ಮೇಲೂ ನನ್ನ ಮಾತು ನಡೆಯಲಿಲ್ಲ. ಹಬ್ಬದ ಊಟ ಕೇಟರಿಂಗ್‌ನವರಿಗೇ ಹೋಯಿತು.

ಮುಂದಿನ ವಾರ ಆಕೆಗೆ ಹೇಳಲು ಹೋದೆ. ಆಕೆ ಕೆಲಸಕ್ಕೆ ಹೊರಟು ಗೇಟಿಗೆ ಬೀಗ ಹಾಕುತ್ತಿದ್ದಳು. ಕೇಟರಿಂಗ್‌ನವರು ಕೊಟ್ಟ ಮಾಸಲು ಕೋಟು ತೊಟ್ಟಿದ್ದಳು.

"ಗೊತ್ತಾಯ್ತು" ಎಂದಳು, ನಾನು ಬಾಯಿ ತೆಗೆಯುವ ಮುಂಚೆ. "ಪಕ್ಕದ ಬಿಲ್ಡಿಂಗಲ್ಲಿ ಬಾಡಿಗೆಗೆ ಇದಾರಲ್ಲ, ನರ್ಸ್ ಹುಡುಗೀರು. ಒಂದಷ್ಟು ತಿಂಗಳಿಂದ ಸಂಜೆ ಅವರಿಗೆ ಚಪಾತಿ ಪಲ್ಯ ಮಾಡಿಕೊಡ್ತಿದ್ದೆ. ಹೊರಗಿಂದ ಬಂದವ್ರು, ಅವರಿಗೆ ಹಳೇದೇನೂ ಗೊತ್ತಿರ್ಲಿಲ್ಲ. ಮೀಟಿಂಗಲ್ಲಿ ಯಾರೋ ಕೇಳಿಸ್ಕೊಂಡು ಅವರಿಗೂ ಹೇಳವ್ರೆ. ನಿನ್ನೆಯಿಂದ ಬೇಡ ಆಂಟಿ ಅಂದ್ರು."

"ನಾನು ಆ ಹುಡುಗೀರ ಹತ್ರ ಹೋಗಿ ಹೇಳ್ತೀನಿ ಕಣಮ್ಮ, ನಿಂದೇನೂ ತಪ್ಪಿಲ್ಲ ಅಂತ..."

"ಏನಂತ ಹೇಳ್ತೀರಾ? ಕ್ರಿಮಿ ಇರ್ಲಿಲ್ಲ ಅಂತಾನಾ? ಕ್ರಿಮಿ ಅನ್ನೋ ಮಾತು ಮತ್ತೆ ಬರುತ್ತಲ್ಲ ನಿಮ್ಮ ಬಾಯಲ್ಲಿ." ಬೀಗ ಎಳೆದು ನೋಡಿದಳು. "ಒಂದ್ಸಲ ಸುಮ್ನಿದ್ದು ಕೆಡಿಸಿದ್ರಿ, ಇನ್ನೊಂದ್ಸಲ ಮಾತಾಡಿ ಕೆಡಿಸಿದ್ರಿ. ಇನ್ನು ಯಾರ ಹತ್ರಾನೂ ನನ್ನ ಹೆಸರು ಎತ್ತಬೇಡಿ. ನಿಮ್ಮ ದಮ್ಮಯ್ಯ."

ಈ ಸಲ ಅಣ್ಣ ಎನ್ನಲಿಲ್ಲ.

ಹಾಗಾಗಿ ಇಲ್ಲಿ ನಾನು ಯಾರ ಹೆಸರನ್ನೂ ಬರೆದಿಲ್ಲ. ಆಕೆಯದು ಬರೆಯಬಾರದೆಂದ ಮೇಲೆ ನನ್ನದನ್ನೂ ಬರೆಯುವಂತಿಲ್ಲ; ನನ್ನದು ಬರೆದರೆ ಆ ರಸ್ತೆ, ಆ ಮನೆ ಗೊತ್ತಾಗುತ್ತದೆ. ಪಾಪ ಮಾಡಿದವನಿಗೆ ಹೆಸರಿಟ್ಟು ಹೇಳಿಕೊಳ್ಳುವ ಭಾಗ್ಯವೂ ಇಲ್ಲದೆ ಹೋಯಿತು. ಹೇಳದೆ ಇರಲೂ ಆಗಲಿಲ್ಲ, ನೋಡಿ, ಮತ್ತೆ ಬರೆದಿದ್ದೇನೆ.

ಆಕೆ ಈಗಲೂ ಬೆಳಿಗ್ಗೆ ಬಸ್ಸಿಗೆ ಅದೇ ದಾರಿಯಲ್ಲಿ ಬರುತ್ತಾಳೆ. ನಾನು ಎದುರಾದರೆ ಮುಖ ತಿರುಗಿಸುವುದಿಲ್ಲ, ರಸ್ತೆ ದಾಟುವುದೂ ಇಲ್ಲ. ಗುರುತಿಲ್ಲದ ಮುದುಕನಿಗೆ ಫುಟ್‌ಪಾತಿನಲ್ಲಿ ಜಾಗ ಬಿಡುವ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ಹೋಗುತ್ತಾಳೆ.